ಮಾವ ಮಾಡಿದ ಬಾಗಿಲು

ಜೆಟ್ ವಿಮಾನದ ಬಗ್ಗೆ ಹೊತ್ತು ಮುಳುಗುವ ತನಕ ಮಾತಾಡಬಲ್ಲವರು ಇಡೀ ಶಾಂತಿಗ್ರಾಮದಲ್ಲಿ ಒಬ್ಬರೇ: ನನ್ನ ಸೋದರಮಾವ. ಇದ್ದ ತೊಡಕು ಒಂದೇ, ಅವರು ಅದನ್ನು ನೋಡಿರಲಿಲ್ಲ. ಅದೂ ಎಂಥ ಜೆಟ್ಟು? ನಾವು ನೀವು ಟಿಕೆಟ್ ತೆಗೆದುಕೊಂಡು ಕೂರುವಂಥದ್ದಲ್ಲ. ದೊಡ್ಡ ದೊಡ್ಡ ಧಣಿಗಳು ಊಟಕ್ಕೊಂದು ಊರು, ಕಾಫಿಗೊಂದು ಊರು ಎಂದು ಹಾರಾಡುವ, ಆರೇಳು ಸೀಟಿನ ಪುಟ್ಟ ಬಿಸಿನೆಸ್ ಜೆಟ್.

ಮಾವ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಹೊರದೇಶದ ಕಂಪನಿಯೊಂದು ಹೊಸದಾಗಿ ರೂಪಿಸುತ್ತಿದ್ದ ಆ ಜೆಟ್ಟಿಗೆ ಬಾಗಿಲು ಮಾಡಿಕೊಡುವ ಕೆಲಸ ಅಲ್ಲಿಗೆ ಬಂದಿತ್ತು. ಬರೀ ಬಾಗಿಲು. ರೆಕ್ಕೆ ಇನ್ನೆಲ್ಲೋ, ಎಂಜಿನ್ನು ಮತ್ತೆಲ್ಲೋ. ನಕ್ಷೆ ಬದಲಾದಾಗಲೆಲ್ಲ ಹಳೆಯದನ್ನು ಬಿಚ್ಚಿ ಹೊಸದು ಮಾಡಬೇಕು. ಗಾಳಿ ಸೋರಿದರೆ ಮತ್ತೆ ಮೊದಲಿನಿಂದ. ಕೊನೆಗೆ ಸರಿಹೋದ ಬಾಗಿಲು ಮರದ ಪೆಟ್ಟಿಗೆಯಲ್ಲಿ ಮಲಗಿ ಸಮುದ್ರ ದಾಟುತ್ತಿತ್ತು. ಮಾವ ಬಾಡಿಗೆ ಕೋಣೆಗೆ ಹೋಗಿ ಅನ್ನಕ್ಕಿಡುತ್ತಿದ್ದರು. ಊರಿನಲ್ಲಿ ಹಸು, ಡೈರಿ, ಹೊಲ ಎಲ್ಲ ಅತ್ತೆಯ ಪಾಲು. ಕೆಲಸದಿಂದ ನಿವೃತ್ತರಾಗಿ ಊರಿಗೆ ಬರುವ ಹೊತ್ತಿಗೆ ಮಾವನ ಸ್ಥಿತಿ, ಮಗಳನ್ನು ದೂರದೇಶಕ್ಕೆ ಕೊಟ್ಟು ಅವಳ ಮನೆಯನ್ನೇ ನೋಡದ ಅಪ್ಪನ ಹಾಗಾಗಿತ್ತು.

ನೋಡದಿದ್ದರೇನು, ಹೊಗಳಬಾರದೇ?

"ಎರಡು ಎಂಜಿನ್ನೂ ಬಾಲದ ಪಕ್ಕ ಇರ್ತವೆ ಕಣ್ಲಾ. ರೆಕ್ಕೆ ಕೆಳಗಿಟ್ರೆ ನೆಲಕ್ಕೆ ತಾಗ್ಬುಡ್ತವೆ, ಅಷ್ಟು ಗಿಡ್ಡ. ಒಬ್ನೇ ಪೈಲಟ್ ಸಾಕು. ಉದ್ದನೆ ರನ್‌ವೇನೂ ಬ್ಯಾಡ."

"ಎದ್ದು ನಿಂತ್ಕೋಬೌದಾ ಮಾವ?"

"ಬಗ್ಗಿ ಓಡಾಡ್ಬೇಕು."

"ಅಷ್ಟು ದುಡ್ಡಿರೋನೂ ಬಗ್ಬೇಕಾ?"

"ನಾನು ಮಾಡಿದ್ ಬಾಗ್ಲಲ್ಲಿ ಯಾರಾದ್ರೂ ಬಗ್ಲೇಬೇಕು" ಎನ್ನುವಾಗ ಮಾವನ ಮುಖ ನೋಡಬೇಕಿತ್ತು.

ಚನ್ನರಾಯಪಟ್ಟಣದ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆವು. ಪಕ್ಕದ ಎಲೆಯವರು ಪಾಪ, ಏನು ಕೆಲಸದಲ್ಲಿದ್ದಿರಿ ಎಂದು ಕೇಳಿಬಿಟ್ಟರು. ಹೋಳಿಗೆ ಬಂದು ಹೋಯಿತು, ಮಜ್ಜಿಗೆಯೂ ಬಂತು, ಜೆಟ್ಟು ಇನ್ನೂ ಪರೀಕ್ಷೆಯಲ್ಲೇ ಇತ್ತು. "ಮುಂದಿನ ಗಾಜು ತಡ್ಕೋತದಾ ಅಂತ ನೋಡಕ್ಕೆ, ಸತ್ತ ಕೋಳೀನ ಫಿರಂಗೀಲಿಟ್ಟು ಹೊಡೀತಾರೆ ಸಾ" ಎಂದರು ಮಾವ. ಎದುರು ಸಾಲಿನಲ್ಲಿದ್ದ ಅತ್ತೆ ತಲೆಯೆತ್ತದೆ, "ಸಾರಿಗಾಗೋ ಕೋಳೀನ?" ಎಂದರು. ಪಕ್ಕದವರು ಕೈ ತೊಳೆಯಲು ಹೋದವರು ಮರಳಲಿಲ್ಲ.

ಆಮೇಲೆ ಮಾವ ಹಿತ್ತಲಿನ ಕೋಳಿಗೂಡಿಗೆ ಜೆಟ್ಟಿನ ಮಾದರಿಯ ಬಾಗಿಲು ಕೂಡಿಸಿದರು. ಚಿಲಕ ತಿರುಗಿಸಿದರೆ ಬಾಗಿಲು ಕೆಳಕ್ಕೆ ಬಾಗಿ, ಅದರ ಒಳಮೈಯೇ ಮೆಟ್ಟಿಲಾಗಬೇಕು. ಆಯಿತು. ಬೆಳಿಗ್ಗೆ ಕೋಳಿಗಳು ಒಂದೊಂದಾಗಿ ಕತ್ತು ಎತ್ತಿ, ಅತ್ತಿತ್ತ ನೋಡಿ, ಮಂತ್ರಿಗಳ ಹಾಗೆ ಇಳಿಯತೊಡಗಿದವು. ಬೀದಿಗೆ ಬೀದಿಯೇ ನೋಡಲು ಬಂತು. ವಾರ ಕಳೆಯುವುದರೊಳಗೆ ಅದೇ ಮೆಟ್ಟಿಲು ಹತ್ತಿ ಮುಂಗುಸಿಯೂ ಹೋಗಿ ಬಂತು.

ಇಷ್ಟೆಲ್ಲದರ ನಡುವೆ ಮಾವ ಆಗಾಗ ಸೈಕಲ್ ಹತ್ತಿ ಬೂವನಹಳ್ಳಿ ಕಡೆಗೆ ಹೋಗುತ್ತಿದ್ದರು. ಅಲ್ಲಿ ವಿಮಾನ ನಿಲ್ದಾಣದ ಕೆಲಸ ನಡೆದಿತ್ತು. ಬೇಲಿಯಾಚೆ ನಿಂತು ನೋಡಿ ಬರುತ್ತಿದ್ದರು. "ಎಷ್ಟ್ ವಿಮಾನ ಇಳಿದ್ವು ಮಾವ?" ಎಂದು ನಾನು ರೇಗಿಸಿದರೆ ಮೊದಮೊದಲು ನಗುತ್ತಿದ್ದರು. ಒಂದು ಸಂಜೆ ಮಾತ್ರ ನಗಲಿಲ್ಲ. "ನನ್ನ ಕಾಲಕ್ಕೆ ಬತ್ತದೋ ಇಲ್ವೋ ಕಣ್ಲಾ" ಎಂದು ಸೈಕಲ್ಲನ್ನು ಗೋಡೆಗೆ ಒರಗಿಸಿ ಒಳಗೆ ಹೋದರು.

ನಾನು ರೇಗಿಸುವುದನ್ನು ನಿಲ್ಲಿಸಿದೆ. ಯಲಹಂಕದಲ್ಲಿ ವಿಮಾನಗಳ ಪ್ರದರ್ಶನ ನಡೆದಾಗ ಮಾವ ಅತ್ತೆ ಇಬ್ಬರನ್ನೂ ಹೊರಡಿಸಿದೆ. ಹಾಲು ಕರೆಯೋರ್ಯಾರು ಎಂದು ಅತ್ತೆ ಬಸ್ಸು ಹಿರೀಸಾವೆ ದಾಟುವವರೆಗೂ ಗೊಣಗಿದರು.

ಯುದ್ಧವಿಮಾನಗಳು ನೆತ್ತಿಯ ಮೇಲೆ ಆಕಾಶ ಹರಿಯುತ್ತಿದ್ದರೆ ಮಾವ ತಲೆಯೆತ್ತಲೂ ಇಲ್ಲ. ಮೂಲೆಯಲ್ಲಿ ಅದು ನಿಂತಿತ್ತು. ಬೆಳ್ಳಗೆ, ಪುಟ್ಟದಾಗಿ, ಬಾಗಿಲು ಇಳಿಬಿಟ್ಟುಕೊಂಡು. ಸುತ್ತ ಕಟ್ಟಿದ್ದ ಹಗ್ಗದ ಈಚೆ ಮಾವ ನಿಂತುಬಿಟ್ಟರು.

ಒಳಗೆ ಹತ್ತಲು ಕೊಳ್ಳುವವರಿಗೆ ಮಾತ್ರ ಅವಕಾಶ. ಕಾವಲಿಗಿದ್ದ ಕಂಪನಿಯ ಹುಡುಗಿಗೆ, ಈ ಬಾಗಿಲು ಮಾಡುತ್ತಿದ್ದವರು ಇವರೇ ಎಂದೆ. ಅವಳು ಮಾವನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, ಹಗ್ಗ ಸರಿಸಿ, "ಒಬ್ರು ಮಾತ್ರ ಸರ್, ಬೇಗ ಇಳಿದುಬಿಡಿ" ಎಂದಳು.

ಮಾವ ಅತ್ತೆಯ ಕಡೆ ತಿರುಗಿದರು. "ನೀನೋಗು."

"ನಾನ್ಯಾಕೆ? ಕನವರಿಸ್ತಿದ್ದೋರು ನೀವು."

"ಓಗು ಅಂದ್ನಲ್ಲ."

ಅತ್ತೆ ಚಪ್ಪಲಿಯನ್ನು ಕೆಳಗೇ ಬಿಟ್ಟು, ಸೀರೆ ಎತ್ತಿಹಿಡಿದು ಹತ್ತಿದರು. ಕಿಟಕಿಯಲ್ಲಿ ಒಂದು ಗಳಿಗೆ ಅವರ ಮುಖ ಕಂಡಿತು. ಮಾವ ಬಾಗಿಲಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ನಿಂತೇ ಇದ್ದರು, ಅದು ಕಳಚಿ ಬಿದ್ದೀತು ಎನ್ನುವ ಹಾಗೆ. ಇಳಿದ ಮೇಲೆ ಅತ್ತೆ, ಹಸುವಿನ ಮೈ ಸವರುವಂತೆ ಬಾಗಿಲನ್ನು ಮೇಲಿಂದ ಕೆಳಗೆ ಸವರಿದರು.

"ಹಬ್ಬಕ್ಕೂ ಬರ್ದೆ ಅಲ್ಲೇ ಇದ್ಬುಡ್ತಿದ್ರಲ್ಲ, ಇದನ್ನ ಮಾಡಕ್ಕಾ?"

ಮಾವ ನೆಲ ನೋಡಿದರು. "ಊಂ."

"ಚೆನ್ನಾಗ್ ಮಾಡಿದ್ದೀರ."

ಮಾವ ಬಗ್ಗಿ, ಅತ್ತೆಯ ಚಪ್ಪಲಿಗಳನ್ನು ತಿರುಗಿಸಿ ಅವರ ಕಾಲ ಮುಂದೆ ಇಟ್ಟರು.