ಕಾಕಾನ ತಮಿಳು

ನಮ್ಮಪ್ಪನ ತಮ್ಮ, ಅಂದರೆ ನಮ್ಮ ಕಾಕಾನಿಗೆ ತಮಿಳು ಚೆನ್ನಾಗಿ ಬರುತ್ತದೆ ಎಂದು ನಮ್ಮೂರು ಧುಪದಾಳದಲ್ಲಿ ಇಬ್ಬರು ಮಾತ್ರ ನಂಬಿದ್ದರು. ಒಬ್ಬಳು ಅವನ ಹೆಂಡತಿ ಚಿಗವ್ವ, ಇನ್ನೊಬ್ಬ ಸ್ವತಃ ಕಾಕಾ!

ಪಕ್ಕದ ಘಟಪ್ರಭಾ ಊರಿನ ಬಯಲಿಗೆ ವರ್ಷಕ್ಕೊಮ್ಮೆ ಟೂರಿಂಗ್ ಟಾಕೀಜು ಬರುತ್ತಿತ್ತು. ಬಂದಾಗಲೆಲ್ಲ ಅದೇ ಒಂದು ತಮಿಳು ಕತ್ತಿವರಸೆಯ ಸಿನಿಮಾ. ರೀಲು ಸವೆದು ತೆರೆಯ ತುಂಬ ಗೀರು ಬಿದ್ದಿದ್ದರೂ ಜನ ಚಕ್ಕಡಿ ಕಟ್ಟಿಕೊಂಡು ಬರುತ್ತಿದ್ದರು. ಭಾಷೆ ಯಾರಿಗೆ ಬೇಕಿತ್ತು? ಕತ್ತಿಗೆ ಕತ್ತಿ ತಾಗಿದರೆ ಸಾಕು, ಬೆಲ್ಲದ ಬಾಗೇವಾಡಿಯಿಂದ ಬಂದವರ ಶಿಳ್ಳೆಗೆ ತಂಬು ಅಲುಗುತ್ತಿತ್ತು.

ನಾನೂ ಅದಕ್ಕೇ ಹೋಗುತ್ತಿದ್ದೆ. ಆದರೆ ಪಕ್ಕದಲ್ಲಿ ಕಾಕಾ ಕುಳಿತಿರುತ್ತಿದ್ದನಲ್ಲ! ಚಿಗವ್ವನಿಗೆ ತಿಳಿಯಲೆಂದು ಒಂದೊಂದು ಮಾತನ್ನೂ ಗಟ್ಟಿಯಾಗಿ ಕನ್ನಡಕ್ಕೆ ತಿರುಗಿಸುತ್ತಿದ್ದ. ಕಾಲುವೆಯ ನೀರಿನ ಪಾಳಿ ನೋಡಿಕೊಳ್ಳುವುದು ಅವನ ನೌಕರಿ. ದಿನವಿಡೀ ಕೇಳುವುದು ನೀರಿನ ಜಗಳ. ಹಾಗಾಗಿ ರಾಜರ ಜಗಳವೂ ಅದೇ! ನಾಯಕ ಗುಡುಗಿದರೆ, “ನನ್ನ ಪಾಳಿ ಇದ್ದಾಗ ತೂಬು ಯಾಕ ಮುಚ್ಚಿದಿ ಅಂತ ಕೇಳಾಕತ್ತಾನ” ಎನ್ನುತ್ತಿದ್ದ. ನಾಯಕಿ ನಾಚಿ ಎರಡು ಮಾತಾಡಿದರೆ, “ಕಬ್ಬಿಗೆ ಮೊದಲ ನೀರ ಬಿಡ್ರಿ ಅಂತಾಳ.”

“ಕಾಕಾ, ಅಲ್ಲಿ ಕಬ್ಬ ಎಲ್ಲೈತಿ?”

“ಅರಮನಿ ಹಿಂದ ಐತಿ. ಸುಮ್ನ ನೋಡಲೇ!”

ರಾಣಿಯ ಕೂಸನ್ನು ವೈರಿಗಳು ತೊಟ್ಟಿಲಸಮೇತ ಹೊಳೆಗೆ ಬಿಡುವ ದೃಶ್ಯ ಬಂದರಂತೂ ನನ್ನ ತಲೆ ಕೆಡುತ್ತಿತ್ತು. ಚಿಗವ್ವ ಪ್ರತಿ ಸಲ, “ಕೂಸು ಬದುಕೈತೇನ್ರಿ?” ಎಂದು ಕೇಳಬೇಕು. ಕಾಕಾ ಪ್ರತಿ ಸಲ, “ಬದುಕೈತಿ. ಕುರುಬರ ಹಟ್ಟ್ಯಾಗ ಹಾಲು ಕುಡ್ಯಾಕತ್ತೈತಿ” ಎನ್ನಬೇಕು. ತೆರೆಯ ಮೇಲೆ ಹಟ್ಟಿಯೂ ಇಲ್ಲ, ಕುರಿಯೂ ಇಲ್ಲ!

ಒಂದು ವರ್ಷ ನನ್ನ ತಾಳ್ಮೆ ತಪ್ಪಿತು. ರೈಲ್ವೆ ಸ್ಟೇಶನ್ನಿಗೆ ಹೊಸದಾಗಿ ಬಂದಿದ್ದ ತಮಿಳು ಗುಮಾಸ್ತರನ್ನು ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡೆ. ಚಿಗವ್ವನ ಎದುರೇ ಕಾಕಾನ ಬಣ್ಣ ಬಯಲಾಗಲಿ ಎಂದೇ! “ಇವರು ತಮಿಳರು” ಎಂದದ್ದೇ ತಡ, ಕಾಕಾನ ಬಾಯಿ ಬಂದ್ ಆಯಿತು. ಮೊದಲ ಸಲ ಸಿನಿಮಾ ನೆಮ್ಮದಿಯಾಗಿ ನೋಡಿದೆ.

ತೊಟ್ಟಿಲು ತೇಲಿಹೋಯಿತು. ಸೇವಕನೊಬ್ಬ ಓಡಿಬಂದು ರಾಣಿಗೆ ಏನೋ ಹೇಳಿದ. ಗುಮಾಸ್ತರು ನನ್ನ ಕಿವಿಯಲ್ಲಿ, “ಮಗು ಸತ್ತು ಹೋಯ್ತಂತೆ” ಎಂದರು.

“ಕೂಸು ಬದುಕೈತೇನ್ರಿ?” ಚಿಗವ್ವ ಕೇಳಿದಳು. ಕಾಕಾ ತಲೆ ತಗ್ಗಿಸಿದ. ಅವಳು ನನ್ನ ಕಡೆ ತಿರುಗಿದಳು. “ತಮ್ಮಾ, ಅವರು ಏನಂದ್ರೋ?”

ಚಿಗವ್ವನ ಒಂದೇ ಕೂಸು ಆರು ತಿಂಗಳಿಗೇ ತೀರಿಕೊಂಡಿತ್ತು; ಅದನ್ನು ಕಾಕಾ ತಾನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದಿದ್ದ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಇಷ್ಟು ವರ್ಷ ಸಿಡುಕಿದ್ದೆನಲ್ಲ!

“ಕುರುಬರ ಹಟ್ಟ್ಯಾಗ ಐತಂತ, ಚಿಗವ್ವ” ಎಂದೆ. “ಈಗ ನಡ್ಯಾಕ ಕಲ್ತೈತಂತ.”