ಜಪಾನಿಗೆ ದಂಡೆತ್ತಿ ಹೋದ ಮಾಮ

ಹಾಲಿವುಡ್ಡಿನವರ ಶೂಟಿಂಗ್ ಒಂದನ್ನು ಇಡೀ ಬೆಳಗ್ಗೆ ನಿಲ್ಲಿಸಿಬಿಟ್ಟ ಕೀರ್ತಿ ನಮ್ಮ ಮಾಮನದು! ಮುಷ್ಕರ ಹೂಡಿ ಅಲ್ಲ, ಬರೀ ಬೂಟು ಬಿಚ್ಚಿ.

ಮಾಮ ಎಂದರೆ ನನ್ನ ಅವ್ವನ ತಮ್ಮ. ಧಾರವಾಡದವರು, ಅಮೆರಿಕದ ಟೊರೆನ್ಸ್‌ನಲ್ಲಿ ಎಂಜಿನಿಯರು. ಯಾರ ಮನೆಗೆ ಊಟಕ್ಕೆ ಹೋದರೂ ಅವರದು ಒಂದೇ ಕತೆ: ಮಹಾಯುದ್ಧ ಮುಗಿದ ಮೇಲೆ ಅವರ ಅಪ್ಪ ಬ್ರಿಟಿಷರ ಹಿಂದೂಸ್ತಾನಿ ಪಲ್ಟನ್ನಿನ ಜೊತೆ ಜಪಾನಿನಲ್ಲಿ ಬೀಡುಬಿಟ್ಟಿದ್ದರಂತೆ.

"ಅಂಕಲ್, ಅಲ್ಲಿದ್ದಿದ್ದು ಅಮೆರಿಕದೋರಲ್ವಾ?" ಎಂದು ಹುಡುಗರು ನಗುತ್ತಿದ್ದರು. ತೋರಿಸಲು ಒಂದು ಫೋಟೋ ಆದರೂ ಬೇಡವೇ? ಇರಲಿಲ್ಲ. ಅಪ್ಪ ತೀರಿಕೊಂಡಾಗ ಮಾಮ ಇನ್ನೂ ತೊಟ್ಟಿಲಲ್ಲಿದ್ದರು.

ಅಷ್ಟರಲ್ಲಿ ಸೋತ ಜಪಾನಿನ ಆ ಕಾಲದ ಮೇಲೇ ಸಿನಿಮಾ ಶುರುವಾಯಿತು! ಸ್ಯಾನ್ ಡಿಯೇಗೋ ಹತ್ತಿರ ಶೂಟಿಂಗ್, ಭಾರತೀಯ ಸಿಪಾಯಿಗಳು ಬೇಕಿದ್ದರು. "ಇನ್ನ ನೋಡ್ಲಿ, ನಗೂ ಮಂದಿ!" ಎಂದು ಮಾಮ ಅಪ್ಲೈ ಮಾಡಿಯೇಬಿಟ್ಟರು. ಅರವತ್ತರ ಹತ್ತಿರದವರಿಗೆ ಸಿಪಾಯಿ ಪಾತ್ರವೇ? ಮೀಸೆಗೆ ಬಳಿದ ಕಪ್ಪು ಮೂಗಿಗೂ ಹತ್ತಿತು. ಸಿನಿಮಾದವರು ಕರುಣೆಯಿಂದ ಸುಬೇದಾರನನ್ನಾಗಿ ಮಾಡಿದರು. ಅಲ್ಲೇ ಹತ್ತಿರದ ನಾರ್ತ್‌ರಿಜ್‌ನಲ್ಲಿ ಓದುತ್ತಿದ್ದ ನಾನು ಶೂಟಿಂಗಿಗೆ ಕಾರು ಓಡಿಸುವ ಸುಬೇದಾರರ ಡ್ರೈವರು.

ದೃಶ್ಯ ಸುಲಭದ್ದು. ಜಪಾನಿ ಮುದುಕಿಯೊಬ್ಬಳ ಮನೆಗೆ ನುಗ್ಗಿ ಬಂದೂಕು ಹುಡುಕಬೇಕು. "ಆ್ಯಕ್ಷನ್!" ಮಾಮ ಗುಡುಗುತ್ತ ಬಂದರು, ಹೊಸ್ತಿಲಲ್ಲಿ ಗಕ್ಕನೆ ನಿಂತರು, ಬಗ್ಗಿ ಬೂಟು ಬಿಚ್ಚತೊಡಗಿದರು. "ಕಟ್!" ಮತ್ತೆ ಬಂದರು, ಮತ್ತೆ ಬಿಚ್ಚಿದರು. ಆಮೇಲಿನ ಸಲವಂತೂ ಬಿಚ್ಚಿದ ಬೂಟನ್ನು ಗೋಡೆಗುಂಟ ಜೋಡಿಸಿಯೂ ಇಟ್ಟರು!

"ಮಾಮಾ, ಅದು ಪ್ಲೈವುಡ್ ಮನಿರೀ!"

"ಇದ್ರ ಏನಾತೋ? ಒಳಗ ಆ ಮುದುಕಿ ಚಾಪಿ ಮ್ಯಾಲೆ ಕುಂತಾಳ. ಬೂಟುಗಾಲೀಲೆ ಹ್ಯಾಂಗ ಹೋಗೂದು?"

ಡೈರೆಕ್ಟರು ತಲೆಯ ಮೇಲೆ ಕೈ ಹೊತ್ತು, ಬೇರೊಬ್ಬನನ್ನು ನುಗ್ಗಿಸಿ, ಮಾಮನನ್ನು ಹೊರಗೆ ಜೀಪಿನ ಪಕ್ಕ ನಿಲ್ಲಿಸಿದರು. ವಾಪಸು ಬರುವಾಗ ಕಾರಿನಲ್ಲಿ ಮಾಮನದು ಒಂದೇ ಮಾತು: "ಜೀಪಿನ ಬಾಜೂದಾವನ್ನ ಕತ್ತರಿಸಿ ಒಗೀತಾರ ಬಿಡು." ನನಗೂ ಹಾಗೇ ಅನಿಸಿತ್ತು.

ಸಿನಿಮಾ ಬಂತು. ಊರಿನಿಂದ ಬಂದಿದ್ದ ಅವ್ವನನ್ನೂ ಕರೆದುಕೊಂಡು ಹೋದೆವು. ಪಾಪ್‌ಕಾರ್ನ್ ಮುಗಿದರೂ ಸುಬೇದಾರರ ಸುಳಿವಿಲ್ಲ! ಕೊನೆಗೂ ಜೀಪು ಬಂತು. ಪಕ್ಕದಲ್ಲಿ ಖಾಕಿ, ಮೀಸೆ, ನೆಟ್ಟಗೆ ನಿಂತ ಮಾಮ. ಕಣ್ಣು ಮಿಟುಕಿಸುವಷ್ಟು ಹೊತ್ತು.

ನಾನು ಸಿಳ್ಳೆ ಹಾಕುವುದರಲ್ಲಿದ್ದೆ. ಅವ್ವ ದಿಗ್ಗನೆ ಎದ್ದು ನಿಂತಳು.

"ಏ ತಮ್ಮಾ, ಅಪ್ಪ! ಅಪ್ಪ ಥೇಟ್ ಹಿಂಗ ಇದ್ದ ನೋಡೋ!"

"ಖರೇನ ಅಕ್ಕಾ? ಹಿಂಗ ಇದ್ನೇನು?"

ಅಷ್ಟರಲ್ಲಿ ಪರದೆಯ ಮೇಲೆ ಬೇರೆ ಯಾರೋ ಬಂದಿದ್ದರು. ಸಿನಿಮಾ ಮುಗಿದು ದೀಪ ಹತ್ತಿದರೂ ಮಾಮ ಏಳಲಿಲ್ಲ. ಅವರ ಕಣ್ಣು ನೋಡಿ ನನಗೂ ಅಳು ಬಂತು.

"ಮುಂದಿನ ಶೋಕ್ಕ ಟಿಕೀಟು ತಗೊಂಬಾರೋ," ಎಂದರು. "ನಾ ಬರೇ ನನ್ನ ನೋಡ್ಕೋತ ಕುಂತಿದ್ದೆ. ಅಪ್ಪನ್ನ ನೋಡಲೇ ಇಲ್ಲ."