ಬಾವಿಕಟ್ಟೆಯ ಬಳಿ ಟೈರಿನ ಎಕ್ಕಡ

ಸೈಕಲ್ ತುಳಿಯುವವನು ಯಾವ ಹವಾಮಾನಕ್ಕೆ ಕಾಲಿಗೆ ಏನು ಹಾಕಬೇಕು ಎಂಬ ವಿಷಯದಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ ನನ್ನಷ್ಟು ತಿಳಿದವರು ಇನ್ನೊಬ್ಬರಿಲ್ಲ ಎಂದು ನಾನು ನಂಬಿದ್ದೆ. ಈ ನಂಬಿಕೆ ಎರಡು ತಿಂಗಳು ಬಾಳಿತು. ಅದು ಸತ್ತ ದಿನ ನಾನೂ ಸತ್ತೆನೆಂದೇ ಒಂದು ಹಟ್ಟಿಯ ಜನವೆಲ್ಲ ತಿಳಿದಿದ್ದರು. ನಾನು ಕಂಡದ್ದನ್ನು ಕಂಡಷ್ಟೇ ಬರೆಯುತ್ತೇನೆ. ಕಾಣದ್ದನ್ನು ಆಮೇಲೆ ಹತ್ತು ಜನರಿಂದ ಕೇಳಿ ತಿಳಿದುಕೊಂಡಿದ್ದೇನೆ. ಹತ್ತೂ ಜನ ನಗುತ್ತಲೇ ಹೇಳಿದರು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನಗೆ ಪ್ರಾಥಮಿಕ ಶಾಲೆಯ ಮೇಷ್ಟರ ಕೆಲಸ ಸಿಕ್ಕಿತ್ತು. ಮನೆ ಹಿರಿಯೂರಿನಲ್ಲಿ. ಶಾಲೆ ಜವನಗೊಂಡನಹಳ್ಳಿ ಕಡೆಯ ಒಂದು ಗೊಲ್ಲರ ಹಟ್ಟಿಯಲ್ಲಿ. ಎಂಟು ಕಿಲೋಮೀಟರ್ ಟಾರು ರಸ್ತೆ, ಆಮೇಲೆ ಮೂರು ಕಿಲೋಮೀಟರ್ ಕಪ್ಪು ಎರೆಮಣ್ಣಿನ ಹೊಲದ ನಡುವಿನ ಬಂಡಿದಾರಿ. ಒಂದು ಕೋಣೆ, ಐದು ತರಗತಿ, ಒಬ್ಬನೇ ಮೇಷ್ಟ್ರು. ಆ ಒಬ್ಬ ನಾನು.

ಎರಡು ವರ್ಷದ ಪ್ರೊಬೇಷನ್. ಇನ್‌ಸ್ಪೆಕ್ಟರ್ ಸಾಹೇಬರು ಬಂದು ನೋಡಿ 'ತೃಪ್ತಿಕರ' ಎಂದು ಒಂದು ಪದ ಬರೆದರೆ ಕೆಲಸ ಕಾಯಂ. ಬರೆಯದಿದ್ದರೆ ಹೊಸದುರ್ಗದಲ್ಲಿ ಮಾವನವರ ಹಿಟ್ಟಿನ ಗಿರಣಿ ಕಾಯುತ್ತಿತ್ತು. ಹಬ್ಬಕ್ಕೆ ಹೋದಾಗಲೆಲ್ಲ ಮಾವ ನನ್ನ ಭುಜ ಮುಟ್ಟಿ ನೋಡುತ್ತಿದ್ದರು. "ಚೀಲ ಎತ್ತಾಕೆ ಈ ಭುಜ ಸಾಲ್ದು. ಆದ್ರೂ ನೋಡಾಣ ಬಿಡ್ರಿ ಅಳಿಯಂದ್ರೇ" ಎನ್ನುತ್ತಿದ್ದರು.

ಹಟ್ಟಿಯಲ್ಲಿ ಒಂದು ಕಟ್ಟುಪಾಡಿತ್ತು. ಚಪ್ಪಲಿ ಮೆಟ್ಟಿ ಯಾರೂ ಒಳಗೆ ಕಾಲಿಡುವಂತಿಲ್ಲ. ದೇವರು ಇರುವ ಜಾಗ. ಹಟ್ಟಿಯ ಬಾಗಿಲಿನಲ್ಲಿ ಒಂದು ಬೇವಿನ ಮರ, ಅದರಿಂದ ಹದಿನೈದು ಹೆಜ್ಜೆಗೆ ಒಂದು ಸೇದುವ ಬಾವಿ. ಊರವರು, ನೆಂಟರು, ಮೇಷ್ಟ್ರು ಎಲ್ಲರೂ ಮರದ ಕೆಳಗೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಒಳಗೆ ಹೋಗಬೇಕು. ಯಾರು ಒಳಗಿದ್ದಾರೆ, ಯಾರು ಹೊರಗೆ ಹೋಗಿದ್ದಾರೆ ಎಂಬುದನ್ನು ಆ ಮರದ ಬುಡ ನೋಡಿದರೆ ಹೇಳಬಹುದಿತ್ತು. ಅದನ್ನು ದಿನವಿಡೀ ನೋಡುತ್ತಿದ್ದವರು ಚಿತ್ತಜ್ಜ. ಆಡು ಕುರಿ ಕಾಯ್ದು ಕಾಯ್ದು ಮೊಣಕಾಲು ಸೋತ ಮೇಲೆ ಅವರು ಮರದ ಕೆಳಗೇ ಕೂತಿರುತ್ತಿದ್ದರು. ನಾನು ಈ ಕಟ್ಟುಪಾಡನ್ನು ಒಂದು ದಿನವೂ ಮೀರಲಿಲ್ಲ. ಅಷ್ಟು ವಿಧೇಯತೆ ಒಳ್ಳೆಯದಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ.

ಮೊದಲು ಹವಾಯಿ ಚಪ್ಪಲಿಯಲ್ಲಿ ಹೋದೆ. ಟಾರು ರಸ್ತೆಯಲ್ಲಿ ಸುಖ. ಬಂಡಿದಾರಿಯಲ್ಲಿ ಜಾಲಿ ಮುಳ್ಳು ಅಟ್ಟೆ ದಾಟಿ ಅಂಗಾಲಿಗೆ ಬಂತು. ಆಷಾಢದ ಗಾಳಿಗೆ, ಪೆಡಲ್ ಮೇಲೆ ಹಿಮ್ಮಡಿ ಎತ್ತಿದೊಡನೆ ಚಪ್ಪಲಿ ಕಾಲು ಬಿಟ್ಟು ಹೊಲಕ್ಕೆ ಹಾರಿತು. ಸಂಜೆ ಎದುರುಗಾಳಿಯಲ್ಲಿ ಆರು ಸಲ ಇಳಿದು ಆರಿಸಿಕೊಂಡೆ. ಬಾರು ಕಿತ್ತು ಬಂದಾಗ ಪಿನ್ನು ಚುಚ್ಚಿದೆ. ಪಿನ್ನು ನನಗೆ ಚುಚ್ಚಿತು.

ಶ್ರಾವಣದಲ್ಲಿ ಕಪ್ಪು ಶೂ ಕೊಂಡೆ. ಮೂರನೆಯ ದಿನ ಲೇಸು ಚೈನಿಗೆ ಸಿಕ್ಕಿ, ಕಾಲೂ ಸೈಕಲ್ಲೂ ಒಂದೇ ಯಂತ್ರವಾಗಿ, ನಿಧಾನವಾಗಿ, ಬೇಕಾದಷ್ಟು ಸಮಯ ತೆಗೆದುಕೊಂಡು ಎಡಕ್ಕೆ ಬಿದ್ದೆ. ಬಿಸಿಲಿನಲ್ಲಿ ಶೂ ಒಳಗೆ ಕಾಲು ಬೇಯುತ್ತಿತ್ತು.

ಭಾದ್ರಪದದಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರ ಲಾರಿ ಟೈರಿನ ಎಕ್ಕಡ ಮಾಡಿಸಿದೆ. ಮುಳ್ಳು ಅದನ್ನು ಕಂಡರೆ ತಾನೇ ಬಾಗುತ್ತಿತ್ತು. ಆದರೆ ಭಾರ! ಹನ್ನೊಂದು ಕಿಲೋಮೀಟರ್ ತುಳಿದರೆ ಇಪ್ಪತ್ತೆರಡರ ಸುಸ್ತು. ಎರೆ ನೆಂದರಂತೂ ಟೈರಿನ ಗೀರುಗಳಲ್ಲಿ ಮಣ್ಣು ಕೂತು ಒಂದೊಂದು ಹೆಜ್ಜೆಗೆ ನಾನು ಒಂದೊಂದು ಅಂಗುಲ ಎತ್ತರವಾಗುತ್ತಿದ್ದೆ.

ಆಗ ನನಗೆ ಸಿದ್ಧಾಂತ ಹೊಳೆಯಿತು. ಮಳೆಗೆ ಹವಾಯಿ, ಗಾಳಿಗೆ ಶೂ, ಮುಳ್ಳಿಗೆ ಟೈರು. ಬೆಳಿಗ್ಗೆಯ ಹವಾಮಾನ ಸಂಜೆ ಇರುವುದಿಲ್ಲ. ಆದ್ದರಿಂದ ಬೆಳಿಗ್ಗೆಗೆ ಬೇಕಾದದ್ದು ಮನೆಯಲ್ಲಿ, ಸಂಜೆಗೆ ಬೇಕಾದೀತು ಎನಿಸಿದ್ದು ಬೇವಿನ ಮರದ ಕೆಳಗೆ! ಹೀಗೆ ನನ್ನ ಒಂದೆರಡು ಜೊತೆ ಹಗಲೂ ರಾತ್ರಿ ಹಟ್ಟಿಯ ಬಾಗಿಲಲ್ಲೇ ಇರತೊಡಗಿದವು.

"ರೀ, ನೀವು ಹೋಗ್ತಿರೋದು ಪಾಠ ಹೇಳಾಕೋ, ಚಪ್ಪಲಿ ಅಂಗಡಿ ಇಡಾಕೋ?" ಎಂದು ಹೆಂಡತಿ ರತ್ನ ಕೇಳಿದಳು.

"ಇದು ಪೂರ್ವಸಿದ್ಧತೆ" ಎಂದೆ.

"ನಮ್ಮಪ್ಪ ಒಂದೇ ಜೊತೇಲಿ ಮೂವತ್ತು ವರ್ಷ ಗಿರಣಿ ನಡೆಸವ್ರೆ."

"ಗಿರಣಿ ಒಂದೇ ಕಡೆ ಇರುತ್ತೆ. ಅದಕ್ಕೆ ಹವಾಮಾನ ಇಲ್ಲ" ಎಂದೆ. ಈ ಉತ್ತರ ನನಗೆ ಬಹಳ ಇಷ್ಟವಾಯಿತು. ಆಮೇಲೆ ಅದನ್ನು ಹಿಂದಕ್ಕೆ ಪಡೆಯಲು ತುಂಬಾ ಪ್ರಯತ್ನಿಸಿದೆ.

ದಸರಾ ರಜೆ ಮುಗಿದಿತ್ತು. ಸ್ವಾತಿ ಮಳೆ ಹಿಡಿದಿತ್ತು. ನಾನು 'ಸತ್ತ' ದಿನದ ಹಿಂದಿನ ಸಂಜೆ ಮರದ ಬುಡದಲ್ಲಿ ನೀರು ನಿಂತಿತ್ತು. ಶೂಗಳನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮರದ ಬೊಡ್ಡೆಗೆ ಒರಗಿಸಿದೆ. ಟೈರಿನ ಎಕ್ಕಡಕ್ಕೆ ಒಣ ಜಾಗ ಹುಡುಕಿದೆ. ಬಾವಿಕಟ್ಟೆಯ ಪಕ್ಕದ ಚಪ್ಪಡಿ ಒಣಗಿತ್ತು. ಅಲ್ಲಿ ಜೋಡಿಸಿಟ್ಟೆ. ಮೂತಿ ಬಾವಿಯ ಕಡೆಗಿತ್ತು. ಈ ವಿವರ ಮುಖ್ಯವೆಂದು ಆಗ ಅನಿಸಲಿಲ್ಲ.

ಮರುದಿನ ಬೆಳಿಗ್ಗೆ ಮೋಡ ನೋಡಿ ಹವಾಯಿ ಮೆಟ್ಟಿ, ತಲೆಗೆ ಗೊಬ್ಬರದ ಚೀಲ ಮಡಚಿ ಮಾಡಿದ ಗೊಪ್ಪೆ ಹಾಕಿಕೊಂಡು ಹೊರಟೆ. ಟಾರು ರಸ್ತೆ ಮುಗಿಯಿತು. ಬಂಡಿದಾರಿಯಲ್ಲಿ ಇನ್ನೂರು ಮಾರು ಹೋಗುವಷ್ಟರಲ್ಲಿ ಮಡ್ಗಾರ್ಡಿಗೆ ಎರೆ ತುಂಬಿ ಚಕ್ರ ನಿಂತಿತು. ಇಳಿದೆ. ಬಲಗಾಲು ಕೆಸರಿಗೆ ಹೋಯಿತು. ಕಾಲು ಬಂತು, ಚಪ್ಪಲಿ ಬರಲಿಲ್ಲ. ಮೊಣಕೈವರೆಗೆ ತೋಳು ಹಾಕಿ ಹುಡುಕಿದೆ. ಸಿಗಲಿಲ್ಲ. ಒಂದರಿಂದ ಏನು ಪ್ರಯೋಜನವೆಂದು ಇನ್ನೊಂದನ್ನೂ ಬೇಲಿಯ ಮೇಲಿಟ್ಟೆ. ಸೈಕಲ್ಲನ್ನು ಹೆಗಲ ಮೇಲೆ ಹೊತ್ತೆ. ಮೂರು ಜೊತೆ ಪಾದರಕ್ಷೆಯ ಒಡೆಯ ಬರಿಗಾಲಲ್ಲಿ ಜಾಲಿ ಮುಳ್ಳು ತುಳಿಯುತ್ತ ನಡೆದ.

ಅತ್ತ ಹಟ್ಟಿಯಲ್ಲಿ ಹತ್ತೂವರೆಗೆ ಇನ್‌ಸ್ಪೆಕ್ಟರರು ಬಂದರು. ಅವರ ಜೀಪು ಹಟ್ಟಿಯ ಆಚೆ ಬದಿಯ ಗರಸು ರಸ್ತೆಯಿಂದ ಬಂತು. ಅಂಥ ರಸ್ತೆಯೊಂದಿದೆ ಎಂದು ನನಗೆ ಅಂದೇ ಗೊತ್ತಾದದ್ದು!

"ಮೇಷ್ಟ್ರು ಬಂದಿದಾರಾ?" ಎಂದು ಚಿತ್ತಜ್ಜನನ್ನು ಕೇಳಿದರು.

"ಬಂದವ್ರೆ ಸ್ವಾಮಿ. ಅಗಾ, ಎಕ್ಡ ಅಲ್ಲೇ ಅವೆ. ನಿಮ್ಮವೂ ಇಲ್ಲೇ ಬಿಡ್ರಿ."

ಸಾಹೇಬರು ಬೂಟು ಬಿಚ್ಚಿ ಬರಿಗಾಲಲ್ಲಿ ಶಾಲೆಗೆ ಹೋದರು. ಮಕ್ಕಳಿದ್ದರು, ಮೇಷ್ಟ್ರು ಇರಲಿಲ್ಲ. ಕಾಲಿಗೆ ಮುಳ್ಳು ಚುಚ್ಚಿಸಿಕೊಂಡು ವಾಪಸ್ಸು ಬಂದರು.

"ಅಲ್ಲಿಲ್ವಲ್ಲ ಅಜ್ಜ!"

"ಇರ್ತಾರೆ ಸ್ವಾಮಿ. ಎಕ್ಡ ಬಿಟ್ಟು ಮನುಷ್ಯ ಎಲ್ಲಿಗೆ ಹೋಗ್ತಾನೆ?"

ಎಂದ ಅಜ್ಜ ಎಕ್ಕಡ ಎಲ್ಲಿದೆ ಎಂದು ಸರಿಯಾಗಿ ನೋಡಿದರು. ಬಾವಿಕಟ್ಟೆ. ಮೂತಿ ಬಾವಿಯ ಕಡೆ.

"ಅಯ್ಯಯ್ಯೋ! ಬರ್ರೋ, ಮೇಷ್ಟ್ರು ಬಾವಿಗೆ ಬಿದ್ರು!"

ನಾನು ತಲುಪಿದ್ದು ಹನ್ನೊಂದೂ ಇಪ್ಪತ್ತಕ್ಕೆ. ಬಾವಿಯ ಸುತ್ತ ನಲವತ್ತು ಜನ. ಬಿದ್ದ ಕೊಡ ತೆಗೆಯುವ ಕೊಕ್ಕೆ ಕೊಕ್ಕೆಯ ಪಾತಾಳಗರಡಿಯನ್ನು ಹಗ್ಗಕ್ಕೆ ಕಟ್ಟಿ ಬಾವಿಗೆ ಬಿಟ್ಟಿದ್ದರು. ನಾನು ಸೈಕಲ್ ಇಳಿಸಿ ಓಡಿದೆ. ಮುಖದವರೆಗೆ ಗೊಪ್ಪೆ, ಸೊಂಟದವರೆಗೆ ಕೆಸರು. ಯಾರೂ ನನ್ನ ಕಡೆ ನೋಡಲಿಲ್ಲ.

"ಏನಾಯ್ತು?" ಎಂದೆ.

ಮುಂದಿದ್ದವನು ತಿರುಗದೆಯೇ ಹೇಳಿದ: "ಮೇಷ್ಟ್ರು ಬಿದ್ದವ್ರೆ. ಸುಮ್ನೆ ನಿಂತ್ಕಬ್ಯಾಡ್ರಿ, ಹಗ್ಗ ಹಿಡೀರಿ."

ಹಗ್ಗ ಹಿಡಿದೆ. ನನ್ನ ಮನಸ್ಸಿಗೆ ಬಂದದ್ದನ್ನು ಮುಚ್ಚಿಡದೆ ಹೇಳುತ್ತೇನೆ. ಪಕ್ಕದ ಊರಿನ ಶಾಲೆಯ ಮೇಷ್ಟ್ರು ಯಾರೋ ನನ್ನನ್ನು ನೋಡಲು ಬಂದು ಬಿದ್ದಿರಬೇಕು, ಪಾಪ, ಎಂದುಕೊಂಡೆ. ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿದೆ.

"ಒಳ್ಳೆ ಮನುಷ್ಯರಾ?" ಎಂದು ಕೇಳಿದೆ.

"ಒಳ್ಳೇರೇ. ಪಾಠ ಒಸಿ ನಿಧಾನ."

"ಲೆಕ್ಕ ಮಾತ್ರ ಬರ್ತಿರ್ಲಿಲ್ಲ ಅಂತಾವೆ ಹುಡುಗ್ರು" ಎಂದಳು ಹಿಂದಿನಿಂದ ಒಬ್ಬಳು.

"ಸತ್ತೋರ ಬಗ್ಗೆ ಹಂಗನ್ನಬಾರ್ದು" ಎಂದೆ ನಾನು.

ಹಗ್ಗ ಭಾರವಾಯಿತು. ಎಲ್ಲರೂ ಉಸಿರು ಹಿಡಿದೆವು. ಎಳೆದೆವು. ಮೇಲೆ ಬಂದದ್ದು ಒಂದು ಹಿತ್ತಾಳೆ ಕೊಡಪಾನ!

"ಅಯ್ಯೋ, ನನ್ ಕೊಡ! ಎರಡು ವರ್ಷದ ಹಿಂದೆ ಬಿದ್ದಿದ್ದು!" ಎಂದು ಚಿತ್ತಜ್ಜನ ಸೊಸೆ ಅಪ್ಪಿಕೊಂಡಳು. ಒಂದು ಕ್ಷಣ ಎಲ್ಲರೂ ಮೇಷ್ಟ್ರನ್ನು ಮರೆತು ಕೊಡ ನೋಡಿದರು. ಆಗ ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಕೂಗಿದಳು: "ಮೇಷ್ಟ್ರು ಇಲ್ಲೇ ಅವ್ರೆ! ಹಗ್ಗ ಎಳೀತಾವ್ರೆ!"

ನಲವತ್ತು ಮುಖಗಳು ತಿರುಗಿದವು. ನಾನು ಗೊಪ್ಪೆ ತೆಗೆದೆ. ಬದುಕಿದ್ದಕ್ಕೆ ಕ್ಷಮೆ ಕೇಳಬೇಕು ಅನಿಸಿತು.

ಸಾಹೇಬರು ಒಂದು ಕಾಲಿನ ಮೇಲೆ ನಿಂತು ಇನ್ನೊಂದರ ಮುಳ್ಳು ಕೀಳುತ್ತಿದ್ದರು.

"ಏನ್ರೀ ಮೇಷ್ಟ್ರೇ, ನಿಮ್ಮ ಚಪ್ಪಲಿ ಹತ್ತೂವರೆಗೇ ಹಾಜರ್. ನೀವು ಹನ್ನೊಂದೂ ಇಪ್ಪತ್ತಕ್ಕೆ. ಸಂಬಳ ಯಾರ ಹೆಸರಿಗೆ ಬರೀಲಿ?"

ನಾನು ಬಾಯಿ ತೆರೆದೆ. ಸಾಹೇಬರು ಮುಂದುವರಿಸಿದರು: "ಎಷ್ಟು ದಿನದಿಂದ ನಡೀತಿದೆ ಈ ಏರ್ಪಾಡು?"

ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. "ಶೂ ಶ್ರಾವಣದಿಂದ ಸಾರ್. ಎಕ್ಕಡ ಭಾದ್ರಪದದಿಂದ" ಎಂದೆ.

ಜನರಲ್ಲಿ ಒಬ್ಬಾಕೆ ನೆನಪಿಸಿಕೊಂಡಳು. "ಊಂ ಸ್ವಾಮಿ, ಹೋದ ತಿಂಗ್ಳು ಇವ್ರು ಒಂದಿನ ಬರ್ಲೇ ಇಲ್ಲ. ಎಕ್ಡ ಕಂಡು ಹುಡುಗ್ರನ್ನ ಕಳ್ಸಿದ್ವಿ. ಮಧ್ಯಾಹ್ನದ ಗಂಟ ಕುಂತಿದ್ವು."

ಆ ದಿನ ನಾನು ಕ್ರಮವಾಗಿ ರಜೆ ಬರೆದುಕೊಟ್ಟಿದ್ದೆ. ಆದರೆ ಅದನ್ನು ಎಕ್ಕಡಕ್ಕೆ ತಿಳಿಸಿರಲಿಲ್ಲ. ಸಾಹೇಬರ ಕಣ್ಣಿನಲ್ಲಿ ನನಗೆ ಹಿಟ್ಟಿನ ಗಿರಣಿ ಸ್ಪಷ್ಟವಾಗಿ ಕಂಡಿತು. ಅದರ ಪಟ್ಟಿ ತಿರುಗುವ ಸದ್ದೂ ಕೇಳಿಸಿತು. ಹವಾಯಿ, ಲೇಸು, ಎದುರುಗಾಳಿ, ಕೆಸರು ಎಲ್ಲವನ್ನೂ ಕಿಲೋಮೀಟರ್ ಪ್ರಕಾರ ವಿವರಿಸತೊಡಗಿದೆ. ಮೂರನೇ ಕಿಲೋಮೀಟರಿನಲ್ಲಿ ಸಾಹೇಬರು ಕೈ ಎತ್ತಿದರು.

"ಇದು ಮೋಸ ಕಣ್ರೀ. ಚಪ್ಪಲಿ ಇಟ್ಟು ಹಾಜರಿ ಹಾಕಿಸೋ ಮೋಸ."

ಆಗ ಚಿತ್ತಜ್ಜ ಕೋಲೂರಿ ಎದ್ದರು. ನನ್ನ ಕೆಸರುಗಾಲನ್ನೂ ಹೊಸದಾಗಿ ಬಿದ್ದ ಹೆಜ್ಜೆಗಳನ್ನೂ ಬಾಗಿ ನೋಡಿದರು.

"ಸ್ವಾಮಿ, ಈ ಮನುಷ್ಯ ಎರೇಲಿ ಸೈಕಲ್ ಹೊತ್ಕಂಡು ಬರಿಗಾಲಲ್ಲಿ ಬಂದವ್ನೆ. ಹೆಜ್ಜೆ ಎಷ್ಟು ಆಳ ಐತೆ ನೋಡ್ರಿ. ಬಂದೋನು ತನ್ನನ್ನೇ ತಾನು ಹುಡುಕಾಕೆ ಹಗ್ಗ ಹಿಡಿದವ್ನೆ. ಮೋಸ ಮಾಡಾಕೆ ಒಸಿ ಬುದ್ಧಿ ಬೇಕಾಗ್ತದೆ ಸ್ವಾಮಿ. ಇವ್ರು ಅಂಥೋರಲ್ಲ."

ಸಾಹೇಬರು ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದರು. ಅಜ್ಜನ ಮಾತಿಗೆ ಬೇರೆ ಪುರಾವೆ ಬೇಕಿಲ್ಲ ಎನಿಸಿರಬೇಕು. ನಕ್ಕುಬಿಟ್ಟರು. ಮಧ್ಯಾಹ್ನದವರೆಗೆ ಪಾಠ ನೋಡಿದರು. ನಾನು ಗಡಿಬಿಡಿಯಲ್ಲಿ ಲೆಕ್ಕವನ್ನೇ ಆರಿಸಿಕೊಂಡೆ, ಒಂದು ತಪ್ಪೂ ಮಾಡಿದೆ. ಭೇಟಿ ಪುಸ್ತಕದಲ್ಲಿ ಅವರು ಬರೆದದ್ದು ನನಗೆ ಇಂದಿಗೂ ಬಾಯಿಪಾಠ: "ಶಿಕ್ಷಕರ ಪ್ರಾಮಾಣಿಕತೆ ತೃಪ್ತಿಕರ. ಪಾದರಕ್ಷೆಗಳ ಸಂಖ್ಯೆಯನ್ನು ಒಂದು ಜೊತೆಗೆ ಇಳಿಸಲು ಸೂಚಿಸಿದೆ."

ಬೇಕಾದ ಪದ ಅದರಲ್ಲಿತ್ತು. ಕೆಲಸ ಕಾಯಂ ಆಯಿತು. ಮನೆಗೆ ಬಂದು ರತ್ನಳಿಗೆ ಎಲ್ಲವನ್ನೂ ಹೇಳಿದೆ. ಅವಳು ಪೂರ್ತಿ ಕೇಳಿ, "ಹಗ್ಗ ಹಿಡಿದಾಗ ನಿಜವಾಗ್ಲೂ ಗೊತ್ತಾಗ್ಲಿಲ್ವಾ?" ಎಂದಳು. ಇಲ್ಲ ಎಂದೆ. ಹೊಸದುರ್ಗಕ್ಕೆ ಪತ್ರ ಬರೆಯಲು ಕೂತಳು.

ಆರು ವರ್ಷದ ಮೇಲೆ ನನಗೆ ಹೊಳಲ್ಕೆರೆಗೆ ವರ್ಗವಾಯಿತು. ಬೀಳ್ಕೊಡುಗೆಗೆ ಹಟ್ಟಿಯವರು ಹೊಸ ಚಪ್ಪಲಿ ಕೊಟ್ಟರು. ಒಂದೇ ಜೊತೆ ಎಂದು ಎರಡು ಸಲ ಒತ್ತಿ ಹೇಳಿದರು. ಸಂತೋಷದಲ್ಲಿ ಅದನ್ನೇ ಮೆಟ್ಟಿ ಬಂದೆ. ಬೆಳಿಗ್ಗೆ ಮೆಟ್ಟಿ ಹೋಗಿದ್ದ ಟೈರಿನ ಎಕ್ಕಡ ಮರದ ಕೆಳಗೇ ಉಳಿಯಿತು.

ಮುಂದಿನ ಬೇಸಿಗೆಯಲ್ಲಿ ಹಿರಿಯೂರು ಬಸ್ ಸ್ಟ್ಯಾಂಡಿನಲ್ಲಿ ಚಿತ್ತಜ್ಜ ಸಿಕ್ಕರು. ಹೊಸ ಮೇಷ್ಟ್ರು ಬರುವುದು ಮೂರು ತಿಂಗಳು ತಡವಾಯಿತೆಂದು ಕೇಳಿದ್ದೆ. ಮನಸ್ಸಿಗೆ ನೋವಾಗಿತ್ತು.

"ಅಜ್ಜ, ಪಾಪ, ಮೂರು ತಿಂಗಳು ಮಕ್ಕಳು ಏನು ಮಾಡಿದ್ವು?" ಎಂದೆ.

"ನಿಮ್ ಎಕ್ಡ ಅಲ್ಲೇ ಇತ್ತಲ್ಲ ಮೇಷ್ಟ್ರೇ. ದಿನಾ ಬಂದು ಕುಂತ್ಕಂಡು ಬರ್ಕಂತಿದ್ವು" ಎಂದರು ಅಜ್ಜ. ಆಮೇಲೆ ನನ್ನ ಕೈ ತಟ್ಟಿ ಸಮಾಧಾನ ಹೇಳಿದರು: "ಏನೂ ಯೋಚ್ನೆ ಮಾಡಬ್ಯಾಡ್ರಿ. ಫರಕೇನೂ ಬೀಳಲಿಲ್ಲ."